ಐದೂ ನಲವತ್ತರ ಬಸ್ಸು

ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ಕೊಚ್ಚಿಯ ಬೆಳಗಿನ ರೈಲು ಹತ್ತಿದ ಪ್ರತೀಕ್ಷಾ, ಕೊಲ್ಲಂ ದಾಟುವವರೆಗೂ ಮನಸ್ಸಿನಲ್ಲೇ ಸುಧನ್ವನನ್ನು ಬೈಯುತ್ತ ಕೂತಿದ್ದಳು. ಆಲಪ್ಪುಳ ಬರುವಷ್ಟರಲ್ಲಿ ಬೈಗುಳಗಳು ಮುಗಿದವು. ಸಿಟ್ಟು ಮುಗಿಯಲಿಲ್ಲ.

ವಿಜಯಪುರದ ಹುಡುಗಿ ಅವಳು. ತಿರುವನಂತಪುರದಲ್ಲಿ ಅರ್ಥಶಾಸ್ತ್ರದ ಪಿಎಚ್‌ಡಿ, ಮೂರನೇ ವರ್ಷ. ನಗರವೊಂದು ಬೆಳೆದಾಗ ಯಾರಿಗೆ ಅದು ಹತ್ತಿರವಾಗುತ್ತದೆ, ಯಾರಿಗೆ ದೂರವಾಗುತ್ತದೆ ಎಂಬುದು ಅವಳ ಪ್ರಬಂಧದ ವಿಷಯ. ಅದಕ್ಕಾಗಿ ಒಂದು ವರ್ಷ, ಆಲುವದ ಆಚೆಯಿಂದ ಕೊಚ್ಚಿಯ ಕಾಕ್ಕನಾಡಿನ ಹೊಸ ಫ್ಲ್ಯಾಟುಗಳಿಗೆ ಮನೆಗೆಲಸಕ್ಕೆ ಬರುವ ಹೆಂಗಸರ ಜೊತೆ ಮುಂಜಾನೆಯ ಬಸ್ಸುಗಳಲ್ಲಿ ನಿಂತು ಓಡಾಡಿದ್ದಳು.

ಸುಧನ್ವ ಕಾಸರಗೋಡಿನವನು. ಜನರ ಓಡಾಟವನ್ನು ಅಳೆದು ನಕ್ಷೆಗಿಳಿಸುವ ಸಣ್ಣ ಕಂಪನಿಯೊಂದರಲ್ಲಿ, ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಅವನ ಕೆಲಸ. ಇಬ್ಬರ ಮೊದಲ ಭೇಟಿಯೇ ಜಗಳ. ತಿರುವನಂತಪುರದ ಸೆಮಿನಾರಿನಲ್ಲಿ ಎದ್ದು ನಿಂತು, ಅವಳ ನಕ್ಷೆಯಲ್ಲಿ ಉತ್ತರ ದಿಕ್ಕು ಕೆಳಗಿದೆ ಎಂದಿದ್ದ. ಸಭೆ ನಕ್ಕಿತ್ತು. ಚಹದ ಹೊತ್ತಿಗೆ ಅವಳು ಇಂಗ್ಲಿಷಿನಲ್ಲಿ ಬೈಯಲು ಹೋಗಿ, ಬಾಯಿ ಜಾರಿ, “ಎಲ್ಲಾದ್ರಾಗೂ ಮೂಗು ತೂರಸ್ಲಿಕ್ಕ ಬರ್ತಾರ” ಎಂದುಬಿಟ್ಟಿದ್ದಳು.

“ಮೂಗು ಸ್ವಲ್ಪ ಉದ್ದವೇ ಉಂಟು. ಎಂತ ಮಾಡುದು?” ಎಂದಿದ್ದ ಅವನು, ಕನ್ನಡದಲ್ಲೇ.

ಅವಳು ಮುಖ ತಿರುಗಿಸಿದ್ದಳು. ಆದರೆ ತಿರುಗಿಸುವ ಮುಂಚೆ ಆ ಮೂಗನ್ನು, ಅದರ ಮೇಲಿನ ಕನ್ನಡಕವನ್ನು, ಕನ್ನಡಕದ ಹಿಂದೆ ನಗು ತಡೆದುಕೊಂಡಿದ್ದ ಕಣ್ಣುಗಳನ್ನು ಸರಿಯಾಗಿಯೇ ನೋಡಿದ್ದಳು. ಅಲ್ಲಿಂದ ಎಂಟು ತಿಂಗಳು, ಒಂದು ಶನಿವಾರ ಅವನು ತಿರುವನಂತಪುರಕ್ಕೆ, ಇನ್ನೊಂದು ಶನಿವಾರ ಅವಳು ಕೊಚ್ಚಿಗೆ. ಬಸ್ಸುಗಳ ಬಗ್ಗೆ ಕಂಪನಿ ಜಿಲ್ಲಾಡಳಿತಕ್ಕೆ ಕೊಡಬೇಕಿದ್ದ ವರದಿಯೊಂದಕ್ಕೆ ಅವನು ಅವಳ ಅಂಕಿಅಂಶ ಕೇಳಿದಾಗ ಸಂತೋಷದಿಂದಲೇ ಕೊಟ್ಟಿದ್ದಳು.

ನಿನ್ನೆ ಮೋಹಿನಿ ಚೇಚಿ ಫೋನ್ ಮಾಡಿದ್ದಳು. ಮನೆಗೆಲಸದ ಆ ಹೆಂಗಸರಲ್ಲಿ, ಪ್ರತೀಕ್ಷಾಳನ್ನು ಮೊದಲ ದಿನ ಬಸ್ಸಿಗೆ ಹತ್ತಿಸಿದ್ದ ಅಕ್ಕ ಇವಳೇ. ಐದೂ ನಲವತ್ತರ ಬಸ್ಸು ನಿಂತಿದೆಯಂತೆ, ಮೊದಲ ಬಸ್ಸು ಇನ್ನು ಏಳಕ್ಕಂತೆ. ಆರೂವರೆಗೆ ಹೋಗಬೇಕಾದ ಮನೆಯವರು ಬೇರೆಯವಳನ್ನು ಇಟ್ಟುಕೊಂಡಿದ್ದರು. “ಯಾರೋ ಲೆಕ್ಕ ಮಾಡಿ ಬರೆದಿದ್ದಾರಂತೆ, ಆ ಹೊತ್ತಿಗೆ ಬಸ್ಸಿನಲ್ಲಿ ಯಾರೂ ಇಲ್ಲ ಅಂತ. ನಾವು ಯಾರೂ ಅಲ್ವಾ ಮಗಳೇ?” ಎಂದು ಕೇಳಿದ್ದಳು.

ಸುಧನ್ವನ ಕಂಪನಿಯ ವರದಿಯ ಇಪ್ಪತ್ತೆರಡನೇ ಪುಟದಲ್ಲಿ ಆ ಮಾತಿತ್ತು: ಏಳು ಗಂಟೆಗೆ ಮುಂಚೆ ಬೇಡಿಕೆ ನಗಣ್ಯ. ಕೆಳಗೆ ಆಧಾರವೆಂದು ಪ್ರತೀಕ್ಷಾಳ ಹೆಸರು.

ಐಟಿ ಪಾರ್ಕಿನ ಎದುರಿನ ಚಹದಂಗಡಿಯಲ್ಲಿ ಅವಳು ಆ ಪುಟವನ್ನು ಅವನ ಮುಂದಿಟ್ಟಳು.

“ಇದು ಯಾರು ಬರದದ್ದು?”

“ನಾನೇ. ನಮ್ಮ ಕಂಪನಿಯವರು ಲೆಕ್ಕ ಹಿಡಿಯುದು ಏಳರ ನಂತರ ಮಾತ್ರ. ಮುಂಚಿನ ಬಸ್ಸಿನ ವಿಷಯ ಅಡಿಟಿಪ್ಪಣಿಯಲ್ಲಿ ಹಾಕಿದ್ದೆ. ಮ್ಯಾನೇಜರ್ ತೆಗೆಸಿದ್ರು.”

“ತೆಗೆಸಿದ ಮ್ಯಾಲೂ ಸಹಿ ಮಾಡಿದಿ?”

“ಮಾಡಿದೆ.”

ಅವನು ನೆಪ ಹೇಳುತ್ತಾನೆ, ಒಂದೊಂದನ್ನೂ ಹರಿದು ಹಾಕಬೇಕು ಎಂದು ನಾಲ್ಕು ಗಂಟೆ ಕಾಲ ರೈಲಿನಲ್ಲಿ ತಯಾರಾಗಿ ಬಂದಿದ್ದಳು. ನೆಪವೇ ಇಲ್ಲದಿದ್ದಾಗ ಆ ಸಿಟ್ಟಿಗೆ ಇಳಿಯಲು ಜಾಗವೇ ಸಿಗಲಿಲ್ಲ.

“ಆ ಹೆಂಗಸರು ನನ್ನ ನಂಬಿ ಮಾತಾಡಿದ್ರು ಸುಧನ್ವ. ನಾ ನಿನ್ನ ನಂಬಿ ಕೊಟ್ಟೆ. ಅವರ ಮಾತಿನಿಂದನ ಅವರ ಬಸ್ಸು ನಿಲ್ಲಿಸಿದಿರಿ.”

“ಗುರುವಾರ ಕಲೆಕ್ಟರೇಟಿನಲ್ಲಿ ಆಕ್ಷೇಪ ಕೇಳ್ತಾರೆ. ನಾನು ಬಂದು ಹೇಳ್ತೇನೆ.”

“ಬರೂದಿದ್ರ ಬಾ. ನನಗಾಗಿ ಬರಬ್ಯಾಡ.”

ಚಹ ಮುಟ್ಟದೆ ಎದ್ದು ಹೋದಳು. ಅವನು ತಡೆಯಲಿಲ್ಲ. ತಡೆಯಲಿಲ್ಲವೆಂದೂ ಅವಳಿಗೆ ಸಿಟ್ಟು ಬಂತು.

ಬುಧವಾರ ಸಂಜೆ, ಆಕ್ಷೇಪಕ್ಕೆ ದಾಖಲೆ ಜೋಡಿಸುತ್ತ ಹಳೆಯ ಮೇಲ್‌ಗಳನ್ನು ಹುಡುಕಿದಳು. ಅವನ ಒಂದು ಮೇಲ್ ಸಿಕ್ಕಿತು. ವರದಿಯ ಕರಡು, ಜೊತೆಗೆ ಎರಡು ಸಾಲು: ‘ಇಪ್ಪತ್ತೆರಡನೇ ಪುಟ ಸರಿ ಇಲ್ಲ ಅಂತ ನನಗೆ ಅನುಮಾನ. ನೀನು ನೋಡಿ ಬೇಡ ಅಂದ್ರೆ ನಿಲ್ಲಿಸ್ತೇನೆ.’ ಅದರ ಕೆಳಗೆ ಅವಳದೇ ಉತ್ತರ, ಹತ್ತು ನಿಮಿಷದೊಳಗೆ ಕಳಿಸಿದ್ದು: ‘ಸೂಪರ್. ಶನಿವಾರ ಎಷ್ಟಕ್ಕ ಬರ್ತೀ?’

ಅವಳು ಕರಡನ್ನು ತೆರೆದೇ ಇರಲಿಲ್ಲ. ಆ ಎರಡು ಸಾಲನ್ನೂ ಓದಿರಲಿಲ್ಲ. ಅವನ ಹೆಸರು ಕಂಡಿತ್ತು, ಶನಿವಾರ ನೆನಪಾಗಿತ್ತು, ಅಷ್ಟೇ.

ಹಾಸ್ಟೆಲಿನ ಕೋಣೆಯಲ್ಲಿ ಒಬ್ಬಳೇ ಕೂತು ನಾಚಿಕೆಯಿಂದ ಬೆವೆತಳು. ಚಹದಂಗಡಿಯಲ್ಲಿ ಅಷ್ಟು ಬೈಸಿಕೊಂಡರೂ ಅವನು ಇದೊಂದು ಮಾತು ಎತ್ತಿರಲಿಲ್ಲ. ಯಾಕೆ ಎತ್ತಲಿಲ್ಲ? ನಾಚಿಕೆಯ ಹಿಂದೆಯೇ ಮತ್ತೆ ಸಿಟ್ಟು ಬಂತು, ಮೊದಲಿಗಿಂತ ದೊಡ್ಡದು.

ಗುರುವಾರ ಕಲೆಕ್ಟರೇಟಿನ ಸಭಾಂಗಣ ತುಂಬಿತ್ತು. ಹಿಂದಿನ ಸಾಲಿನಲ್ಲಿ ಮೋಹಿನಿ ಚೇಚಿ ಮತ್ತು ಅವಳ ಬಸ್ಸಿನ ಹೆಂಗಸರು. ಸುಧನ್ವ ಎದ್ದು ನಿಂತು ಮಲಯಾಳದಲ್ಲಿ ಹೇಳಿದ: ಈ ವರದಿ ತಪ್ಪು, ಬೆಳಗಿನ ಬಸ್ಸಿನ ಹೆಂಗಸರನ್ನು ಲೆಕ್ಕದಿಂದ ಬಿಡಲಾಗಿದೆ, ಗೊತ್ತಿದ್ದೂ ಸಹಿ ಮಾಡಿದವನು ನಾನು. ಮುಂದಿನ ಸಾಲಿನಲ್ಲಿದ್ದ ಅವನ ಮ್ಯಾನೇಜರ್ ತಲೆಯೆತ್ತಲಿಲ್ಲ.

“ಈ ಅಂಕಿಅಂಶ ಕೊಟ್ಟ ಸಂಶೋಧಕಿ ವರದಿಯನ್ನು ಮೊದಲೇ ನೋಡಿದ್ದರೇ?” ಎಂದು ಅಧಿಕಾರಿ ಕೇಳಿದರು.

“ಇಲ್ಲ. ಅವರಿಗೆ ಗೊತ್ತೇ ಇರಲಿಲ್ಲ” ಎಂದ ಸುಧನ್ವ.

ಪ್ರತೀಕ್ಷಾ ಎದ್ದಳು. ಪಕ್ಕದಲ್ಲಿದ್ದ ಅವಳ ಸಂಶೋಧನೆಯ ಗೈಡ್ ತಡೆಯುವಂತೆ ಕೈ ಚಾಚಿದರು. ಅವಳು ನಿಲ್ಲಲಿಲ್ಲ.

“ಅವರು ಹೇಳಿದ್ದು ಸುಳ್ಳು” ಎಂದಳು ಅರೆಬರೆ ಮಲಯಾಳದಲ್ಲಿ. “ಕರಡು ನನಗೆ ಬಂದಿತ್ತು. ಓದದೆಯೇ ಸರಿ ಇದೆ ಎಂದು ಬರೆದೆ. ಮೇಲ್ ಇಲ್ಲಿದೆ.”

ಹಿಂದಿನಿಂದ ಮೋಹಿನಿ ಚೇಚಿಯ ದನಿ ಬಂತು. “ನೀವಿಬ್ಬರೂ ಓದಿದವರು. ಒಬ್ಬರು ಓದದೆ ಒಪ್ಪಿದಿರಿ, ಒಬ್ಬರು ಓದಿಯೂ ಒಪ್ಪಿದಿರಿ. ನಮಗೆ ಬಸ್ಸು ಯಾವಾಗ?”

ಅಧಿಕಾರಿಯೇ ಉತ್ತರ ಕೊಟ್ಟರು: ಹೊಸ ಎಣಿಕೆ ಆಗುವ ತನಕ ಸೋಮವಾರದಿಂದ ಹಳೆಯ ಸಮಯಕ್ಕೇ ಬಸ್ಸು. ಗೈಡ್ ಹೊರಗೆ ಹೋಗುವಾಗ, ಆ ಅಧ್ಯಾಯವನ್ನು ಮೊದಲಿನಿಂದ ಬರೆಯಬೇಕಾಗುತ್ತದೆ ಎಂದಷ್ಟೇ ಹೇಳಿದರು. ಮ್ಯಾನೇಜರ್ ಸುಧನ್ವನಿಗೆ, ನಾಳೆಯಿಂದ ಬರಬೇಡ ಎಂದ.

ಹೊರಗಿನ ಮೆಟ್ಟಿಲ ಮೇಲೆ ಅವನು ನಿಂತಿದ್ದ. ಅವಳು ನೇರ ಎದುರಿಗೆ ಬಂದಳು.

“ನನ್ನ ತಪ್ಪು ನೀ ಯಾಕ ಹೊತ್ಕೊಂಡಿ? ನಾ ಕೇಳಿದ್ನೇನು?”

“ನಿನ್ನ ಪಿಎಚ್‌ಡಿಗೆ ಪೆಟ್ಟು ಬೀಳ್ತದೆ ಅಂತ...”

“ಬೀಳಲಿ. ಅದು ನನ್ನ ಪೆಟ್ಟು. ನಾ ಏನು ಗಾಜಿನ ಗೊಂಬಿ ಏನು, ಅರಿವ್ಯಾಗ ಸುತ್ತಿ ಇಡಾಕ?”

ಅವನು ಕನ್ನಡಕ ತೆಗೆದು ಒರೆಸಿದ. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

“ಹೆದರಿಕೆ ಆಯ್ತು ಮಾರಾಯ್ತಿ. ಪಿಎಚ್‌ಡಿಗಲ್ಲ. ಆ ಮೇಲ್ ತೋರಿಸಿದ್ರೆ ನಾನು ಗೆಲ್ತಿದ್ದೆ, ನೀನು ಹೋಗ್ತಿದ್ದೆ. ನನಗೆ ಗೆಲ್ಲುದು ಬೇಕಾಗಿರಲಿಲ್ಲ. ನೀನು ಬೇಕಿತ್ತು.”

ಅಷ್ಟು ಸರಳವಾಗಿ ಅವನು ಈ ಮಾತನ್ನು ಎಂದೂ ಹೇಳಿರಲಿಲ್ಲ.

“ತಪ್ಪು ಮಾಡಿದ್ರ ಬೈತೀನಿ. ಸುಳ್ಳು ಹೇಳಿದ್ರ ಹೋಗ್ತೀನಿ. ಎರಡಕ್ಕೂ ಫರಕ್ ಅದ, ತಿಳ್ಕೊ” ಎಂದಳು.

“ಹಾಗಾದರೆ ಬೈ.”

ಅವಳು ಬೈದಳು. ಬಸ್‌ಸ್ಟಾಪಿನವರೆಗೂ ಬೈದಳು. ಸಹಿ ಮಾಡಿದ್ದಕ್ಕೆ, ಸುಮ್ಮನಿದ್ದದ್ದಕ್ಕೆ, ಓದಲಿಲ್ಲವೇ ಎಂದು ಇನ್ನೊಮ್ಮೆ ಕೇಳದೆ ಇದ್ದದ್ದಕ್ಕೆ. ನಡುವೆ ತನ್ನನ್ನೂ ಬೈದುಕೊಂಡಳು. ಕಂಪನಿ ಕ್ಯಾಬಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಅವನು ಒಂದಕ್ಕೂ ಎದುರಾಡಲಿಲ್ಲ. ಆದರೆ ಅವಳು ರಸ್ತೆ ನೋಡದೆ ದಾಟಲು ಹೋದಾಗ ಕೈ ಹಿಡಿದು ನಿಲ್ಲಿಸಿದ.

“ಕೆಲಸ ಹೋತಲ್ಲ. ಇನ್ನೇನು ಮಾಡ್ತೀ?” ಎಂದು ಕೇಳಿದಳು, ದನಿ ತುಸು ತಗ್ಗಿಸಿ.

“ಹೊಸ ಎಣಿಕೆಗೆ ಜನ ಬೇಕಂತೆ. ಕೇಳಿ ನೋಡ್ತೇನೆ. ನೀನು?”

“ಅಧ್ಯಾಯ ಬರೀತೀನಿ. ನನ್ನ ತಪ್ಪಿನಿಂದನ ಸುರು ಮಾಡ್ತೀನಿ. ಮೊದಲು ಚೇಚಿ ಮನಿಗೆ ಹೋಗಬೇಕು. ಆಕಿಗೆ ಮುಖ ತೋರಸ್ಬೇಕು.”

“ನಾನೂ ಬರ್ತೇನೆ.”

ಅವಳು ಬೇಡವೆನ್ನಲಿಲ್ಲ. ಆಲುವದ ಬಸ್ಸು ದೂರದಲ್ಲಿ ಕಂಡಿತು.

“ಸಿಟ್ಟು ಹೋಗಿಲ್ಲ” ಎಂದಳು. “ಮದುವಿ ಆಗೂತನಕಾನೂ ಹೋಗೂದಿಲ್ಲ ಅನಸ್ತದ.”

ಹೇಳಿದ ಮೇಲೆ ಏನು ಹೇಳಿದೆನೆಂದು ತಿಳಿದು, ಕಿವಿಯವರೆಗೆ ಕೆಂಪಾಗಿ, ಅವನು ನಕ್ಕರೆ ಇಲ್ಲೇ ಬಿಟ್ಟು ಹೋಗುತ್ತೇನೆಂದು ದುರುಗುಟ್ಟಿ ನೋಡಿದಳು. ಅವನು ನಗಲಿಲ್ಲ.

“ಆ ನಂತರ ಹೋಗ್ತದಾ?” ಎಂದು ಕೇಳಿದ.

“ಗ್ಯಾರಂಟಿ ಇಲ್ಲ.”

“ಸಾಕು” ಎಂದ ಸುಧನ್ವ. ಹಿಡಿದ ಕೈಯನ್ನು ಅವನು ಬಿಟ್ಟಿರಲಿಲ್ಲ, ಅವಳು ಬಿಡಿಸಿಕೊಂಡಿರಲಿಲ್ಲ. ಬಸ್ಸು ಬಂದು ನಿಂತಿತು. ಮೊದಲು ಅವಳು ಹತ್ತಿದಳು, ಅವನನ್ನು ಎಳೆದುಕೊಂಡು.