ಜೆಟ್ಟಿನ ಮೇಲಿನ ಗೀರು

ಹೆಬ್ಬೂರು ದಾಟಿ ಕುಣಿಗಲ್ ಕಡೆಗೆ ಹೋಗುವ ರಸ್ತೆಯಲ್ಲಿ ಟೈರಿನ ಆ ಕರಿಗೆರೆ ಐದು ದಿನವಾದರೂ ಹಾಗೇ ಇತ್ತು. ನಲವತ್ತು ಅಡಿ ಉದ್ದ. ಗೆರೆ ಮುಗಿದಲ್ಲಿ ಮೋರಿಯ ಕಲ್ಲು. ಕಲ್ಲಿನ ಮೇಲೆ ಯಾರೋ ಒಂದು ಹಿಡಿ ಚೆಂಡುಹೂವು ಇಟ್ಟು ಹೋಗಿದ್ದರು. ಅದೂ ಒಣಗಿತ್ತು.

"ಹಿಂದಿನ ಚಕ್ರ ಉರುಳಿಲ್ಲ ನಂದೂ. ನಿಂತ ಚಕ್ರ ಎಳ್ಕೊಂಡು ಹೋಗಿದೆ," ಎಂದರು ಚಿಕ್ಕಮ್ಮ. "ಬರ್ಕೋ."

ಬರೆದುಕೊಂಡೆ. ನೇತ್ರಾವತಿ ಚಿಕ್ಕಮ್ಮ ತುಮಕೂರಿನಲ್ಲಿ ವಾಹನ ವಿಮೆಯ ಸರ್ವೇಯರ್. ಡಿಗ್ರಿ ಮುಗಿಸಿ ಮನೆಯಲ್ಲಿ ಕುಳಿತಿದ್ದ ನನ್ನನ್ನು, "ಡೈರಿ ಬರೆಯೋ ಕೈಗೆ ರಿಪೋರ್ಟ್ ಕಷ್ಟವೇನೇ?" ಎಂದು ಜೊತೆಗೆ ಹಾಕಿಕೊಂಡಿದ್ದರು. ಮಾತಾಡುವ ಕೆಲಸ ಅವರದು. ಅದೇ ನನಗೆ ಸಮಾಧಾನ.

ಸತ್ತವನು ಗುಬ್ಬಿಯ ಗುರುಪ್ರಕಾಶ್. ಇಪ್ಪತ್ತಾರು ವರ್ಷ. ಶುಕ್ರವಾರ ಬೆಳಗ್ಗೆ ಕುಣಿಗಲ್‌ಗೆ ಹೊರಟಿದ್ದ. ಓಡುತ್ತಿದ್ದ ಬೈಕಿನ ಎಂಜಿನ್ ಇದ್ದಕ್ಕಿದ್ದಂತೆ ಹಿಡಿದುಕೊಂಡು, ಹಿಂದಿನ ಚಕ್ರ ನಿಂತುಬಿಟ್ಟಿತ್ತು.

ಠಾಣೆಯ ಅಂಗಳದಲ್ಲಿ, ಹಳೇ ಕಾರ್ಬ್ಯುರೇಟರ್ ಮಾಡೆಲ್ಲಿನ ಆ ಬೈಕು ಟಾರ್ಪಾಲಿನ ಕೆಳಗೆ ಮಲಗಿತ್ತು. ಸಬ್ ಇನ್ಸ್‌ಪೆಕ್ಟರ್ ಪುಟ್ಟರಂಗಯ್ಯ ದೂರಿನ ಪ್ರತಿಯನ್ನು ನನ್ನ ಕೈಗೆ ಕೊಟ್ಟರು.

"ಕೇಸು ಕ್ಲಿಯರ್ ಇದೆ ಮೇಡಂ. ಸೌಂಡಿಗೆ ಅಂತ ಸೈಲೆನ್ಸರ್ ಹಾಕಿಸವ್ನೆ, ಓಪನ್ ಏರ್ ಫಿಲ್ಟರ್ ಹಾಕಿಸವ್ನೆ. ಮೆಕ್ಯಾನಿಕ್ ಶಾಬಾಜ್ ಪೆಟ್ರೋಲ್ ಟ್ಯೂನಿಂಗ್ ಮಾಡಿಲ್ಲ. ಒಳಗೆ ಕೂರ್ಸಿದೀನಿ. ಇವತ್ತು ಕೋರ್ಟಿಗೆ ಕಳಿಸೋದೇ."

ಶನಿವಾರದ ದೂರು. ಬರೆದುಕೊಟ್ಟವನು ಗುರುಪ್ರಕಾಶನ ಭಾವ ಸೋಮಶೇಖರ್. 'ಸದರಿ ಮೆಕ್ಯಾನಿಕ್ ಮೇನ್ ಜೆಟ್ ಬದಲಿಸದೆ, ಹಳೆಯ ೯೫ ನಂಬರನ್ನೇ ಬಿಟ್ಟಿದ್ದರಿಂದ...' ಅಕ್ಷರ ಅಕ್ಷರವಾಗಿ ನಕಲು ಮಾಡಿಕೊಂಡೆ.

ಚಿಕ್ಕಮ್ಮ ಮೊದಲು ಪ್ಲಗ್ ಬಿಚ್ಚಿದರು. ಪೆಟ್ರೋಲ್ ಸಾಲದೆ ಕಾದ ತುದಿ ಸುಣ್ಣ ಬಳಿದಂತೆ ಬಿಳಿ! ಆಮೇಲೆ ಕಾರ್ಬ್ಯುರೇಟರಿನ ತಳ. ಅದರೊಳಗೆ ಜೆಟ್: ಹಿತ್ತಾಳೆಯ ಪುಟ್ಟ ತಿರುಪು, ನಡುವೆ ಸೂಜಿತೂತು. ಪೆಟ್ರೋಲ್ ಎಂಜಿನ್ನಿಗೆ ಇಳಿಯುವುದು ಆ ತೂತಿನಿಂದಲೇ. ನಂಬರು ಹೆಚ್ಚಾದಷ್ಟೂ ತೂತು ದೊಡ್ಡದು.

"೯೫," ಎಂದು ಓದಿದ ಚಿಕ್ಕಮ್ಮನ ಮುಖ ಕಪ್ಪಿಟ್ಟಿತು. "ಹಳೇ ಜೆಟ್ಟೇ ಇದೆ."

"ಹೇಳಲಿಲ್ವಾ?" ಎಂದರು ಪುಟ್ಟರಂಗಯ್ಯ.

ಒಳಗಿನ ಬೆಂಚಿನ ಮೇಲೆ ಕುಳಿತಿದ್ದ ಶಾಬಾಜ್ ತಲೆ ಎತ್ತಲಿಲ್ಲ. "ನಾನು ೧೧೫ ಹಾಕಿದೀನಿ ಮೇಡಂ. ಅವ್ರ ಕಣ್ಮುಂದೇನೇ."

"ಗುರುಪ್ರಕಾಶ್ ಆಮೇಲೆ ನಿನಗೆ ಫೋನ್ ಮಾಡಿದ್ನಾ?" ಎಂದರು ಚಿಕ್ಕಮ್ಮ.

"ಹೋದ ಬುಧವಾರ. 'ಬೈಕು ಕಾಯ್ತಿದೆ, ಟಪ್ ಟಪ್ ಹೊಡೀತಿದೆ ಕಣೋ' ಅಂದ್ರು. ಭಾನುವಾರ ತನ್ನಿ ಅಂದೆ. ಇವತ್ತೇ ತನ್ನಿ ಅನ್ಬೇಕಿತ್ತು."

ಚಿಕ್ಕಮ್ಮ ಜೆಟ್ಟನ್ನು ಒರೆಸಿ ಪೊಟ್ಟಣ ಕಟ್ಟಲು ನನಗೆ ಕೊಟ್ಟರು. ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೀರು. ಅದನ್ನೂ ಬರೆದುಕೊಂಡೆ. ಹೇಳಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಾರೆ ಅನ್ನಿಸಿತು.

ತುಮಕೂರಿನ ಗ್ಯಾರೇಜಿನ ಶಟರ್ ಅರ್ಧ ಇಳಿದಿತ್ತು. ಅದರ ಮೇಲೆ ಯಾರೋ ಟಾರು ಎರಚಿದ್ದರು. ಶಾಬಾಜನ ತಂದೆ ಅಹಮದ್ ಪಾಷಾ ಒಬ್ಬರೇ ಒಳಗೆ, ಒಬ್ಬ ರೈತನ ಮೊಪೆಡ್ ಬಿಚ್ಚುತ್ತಿದ್ದರು.

"ಪಾಷಾ ಸಾಬ್ರೇ, ಸೈಲೆನ್ಸರ್, ಫಿಲ್ಟರ್ ಬದಲಾಯ್ಸಿದ್ರೆ ಜೆಟ್ ಬದಲಾಯ್ಸಲೇಬೇಕಾ?" ಎಂದರು ಚಿಕ್ಕಮ್ಮ.

"ಸೈಲೆನ್ಸರ್ ಒಂದೇ ಆದ್ರೆ ತಡ್ಕೊಂಡ್ರೂ ತಡ್ಕೊಂಡೀತಮ್ಮ. ಎರಡೂ ಬದಲಾಯ್ಸಿದ್ರೆ ಗಾಡಿ ಗಾಳಿ ಜಾಸ್ತಿ ಎಳೀತದೆ. ಪೆಟ್ರೋಲ್ ಮಾತ್ರ ಹಳೇ ಅಳತೆ! ಅಕ್ಕಿ ಜಾಸ್ತಿ ಹಾಕಿ ನೀರು ಮೊದಲಿನಷ್ಟೇ ಇಟ್ರೆ ತಳ ಹಿಡಿಯಲ್ವಾ? ಹಂಗೇ. ಊರೊಳಗೆ ಓಡಿಸಿದ್ರೆ ಗೊತ್ತಾಗಲ್ಲ. ಹೈವೇಲಿ ಒಂದು ಗಂಟೆ ಎಕ್ಸಿಲೇಟರ್ ತಿರುವಿ ಹಿಡುದ್ರೆ ಎಂಜಿನ್ ಕಾದು—"

ಮಾತು ನಿಲ್ಲಿಸಿ ಅವರು ಮೊಪೆಡ್ಡಿನಿಂದ ಬಿಚ್ಚಿದ ಒಂದು ಬೇರಿಂಗನ್ನು ರೈತನ ಮುಂದೆ ಹಿಡಿದರು. ಜೇಬಿನಿಂದ ಸಣ್ಣ ಅರ ತೆಗೆದು ಅಂಚಿಗೆ ಒಂದೇ ಒಂದು ಎಳೆತ ಎಳೆದರು. ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟರು. "ನಿಮ್ಮ ಸಾಮಾನು ನಿಮಗೆ."

"ಅದು... ಆ ಗೀರು ಯಾಕೆ?"

ಆ ದಿನ ನಾನು ಹೊರಗಿನವರೊಡನೆ ಆಡಿದ ಮೊದಲ ಮಾತು.

"ಸಾಬಿ ಒರಿಜಿನಲ್ ಸಾಮಾನು ಕದ್ದು ಬೇರೇದು ಕೊಟ್ಟ ಅಂತಾರಲ್ಲ ತಾಯಿ, ಅದಕ್ಕೆ. ಬಿಚ್ಚಿದ್ದಕ್ಕೆ ಮಾತ್ರ ಗೀರು, ಗಿರಾಕಿ ಕಣ್ಮುಂದೆ. ಮಗನಿಗೂ ಅದೇ ಕಲ್ಸಿದೀನಿ."

ನೋಟ್‌ಬುಕ್ ತೆರೆದು ಚಿಕ್ಕಮ್ಮನ ಮುಂದೆ ಹಿಡಿದೆ. ಓದಿದರು. ಎರಡು ಪುಟ ಹಿಂದಕ್ಕೆ ತಿರುಗಿಸಿ ಮತ್ತೆ ಓದಿದರು. ಅಲ್ಲಿ ಅವರಿಗೆ ಏನು ಕಂಡಿತೋ, ಆಗ ನನಗೆ ತಿಳಿಯಲಿಲ್ಲ. ಫೋನ್ ತೆಗೆದರು.

"ಪುಟ್ಟರಂಗಯ್ಯನವರೇ, ಹುಡುಗನನ್ನ ಇನ್ನೂ ಕಳಿಸ್ಬೇಡಿ. ಗುಬ್ಬಿಗೆ ಬನ್ನಿ."

ಗುಬ್ಬಿಯ ಮನೆಯಲ್ಲಿ ಫೋಟೋದ ಮುಂದೆ ದೀಪ ಉರಿಯುತ್ತಿತ್ತು. ಗುರುಪ್ರಕಾಶನ ತಂದೆ ಮಹಾಲಿಂಗಯ್ಯನವರ ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಅಳಿಯ ಸೋಮಶೇಖರ್ ಕುರ್ಚಿ ತಂದು ಹಾಕಿದ. ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಯಂತ್ರ ರಿಪೇರಿಯ ಮೇಸ್ತ್ರಿ. ಉಗುರಿನ ಸಂದಿಯಲ್ಲಿ ಗ್ರೀಸು.

"ಗ್ಯಾರೇಜಿಂದ ಆ ಬೈಕು ಮನೆಗೆ ಬಂದಾಗ ನೀವೇನಂದ್ರಿ ಯಜಮಾನ್ರೇ?" ಎಂದು ಕೇಳಿದರು ಚಿಕ್ಕಮ್ಮ.

"ಏನಂತೀನಮ್ಮ, ಎಲ್ರೂ ಕೇಳೋದೇ. ಲೀಟರಿಗೆ ಎಷ್ಟು ಕೊಡ್ತದೆ ಅಂದೆ. ಇಪ್ಪತ್ತೆಂಟು ಅಂದ. ಇದೇನ್ಲಾ ಗಾಡಿ, ಎಮ್ಮೆ ನೀರು ಕುಡಿದಂಗೆ ಪೆಟ್ರೋಲ್ ಕುಡೀತದೆ ಅಂತ ದಿನಾ ಬಯ್ದೆ. ಆಮೇಲೆ ಅದೇ ಸರಿಹೋಯ್ತು."

"ತಾನಾಗೇ?"

ಸೋಮಶೇಖರ್ ಎದ್ದು ಫ್ಯಾನ್ ಜೋರು ಮಾಡಿದ.

"ಶಾಬಾಜ್ ಬಿಚ್ಚಿದ ಹಳೇ ಜೆಟ್ ಮನೆಗೆ ಬಂತಾ?"

"ಬಂತು. ಹಿತ್ತಾಳೆ ಚೂರು ಕಳೆದೋಗ್ಬಾರ್ದು ಅಂತ ನಾನೇ ವಿಭೂತಿ ಡಬ್ಬೀಲಿ ಇಟ್ಟಿವ್ನಿ. ದಿನಾ ಬೆಳಗ್ಗೆ ಕೈಗೆ ತಗಲ್ತದೆ."

"ತರ್ತೀರಾ?"

ಅವರು ದೇವರ ಗೂಡಿನಿಂದ ಡಬ್ಬಿ ತಂದರು. ಬೂದಿ ಹಿಡಿದ ಪುಟ್ಟ ಪೊಟ್ಟಣ. ಚಿಕ್ಕಮ್ಮ ಅದನ್ನು ಬಿಚ್ಚದೆ ಅಂಗೈಯಲ್ಲಿ ಇಟ್ಟುಕೊಂಡರು.

"ಎಂಜಿನ್ನೊಳಗೆ ಸಿಕ್ಕ ಜೆಟ್ಟಿಗೆ ಗೀರಿದೆ. ಬಿಚ್ಚಿದ ಸಾಮಾನಿಗೆ ಮಾತ್ರ ಆ ಗ್ಯಾರೇಜಿನವರು ಹಾಕೋ ಗೀರು. ಅಂದ್ರೆ ಶಾಬಾಜ್ ಅದನ್ನ ಬಿಚ್ಚಿ ಕೊಟ್ಟಿದ್ದ. ಆಮೇಲೆ ಯಾರೋ ವಾಪಸ್ ಕೂರ್ಸಿದಾರೆ."

"ಯಾರು?" ಪುಟ್ಟರಂಗಯ್ಯ ಮುಂದೆ ಬಾಗಿದರು.

"ನಂದೂ, ಆ ದೂರು ಯಾವತ್ತಿಂದು?"

"ಶನಿವಾರದ್ದು."

"ಕಾರ್ಬ್ಯುರೇಟರ್ ಬಿಚ್ಚಿದ್ದು?"

"ಇವತ್ತು. ಬುಧವಾರ."

"ಬಿಚ್ಚೋಕೆ ನಾಲ್ಕು ದಿನ ಮುಂಚೆ, ಒಳಗೆ ೯೫ ಇದೆ ಅಂತ ಬರೆದವರು ಯಾರು ಸೋಮಶೇಖರ್ ಅವರೇ? ಅನುಮಾನ ಇದೆ ಅಂತ ಬರೆದಿಲ್ಲ ನೀವು. ನಂಬರು ಬರೆದಿದೀರಿ."

ಸೋಮಶೇಖರನ ಕಣ್ಣು ಆ ಪೊಟ್ಟಣ ಬಿಟ್ಟು ಕದಲಲಿಲ್ಲ. ಚಿಕ್ಕಮ್ಮ ಕಾಗದ ಬಿಡಿಸಿದರು. ವಿಭೂತಿ ಊದಿದರು. ನಾನು ಹತ್ತಿರ ಬಾಗಿ ಓದಿದೆ: ೧೧೫. ಅಂಚಿನಲ್ಲಿ ಗೀರಿಲ್ಲ.

"ಕೊಲ್ಲೋಕೆ ಮಾಡಿದ್ದಲ್ಲ!" ಸೋಮಶೇಖರ್ ಕೂಗಿಬಿಟ್ಟ. "ಮಾವ ದಿನಾ ಬಯ್ಯೋರು. ಅವನು ಕೇಳ್ತಿರ್ಲಿಲ್ಲ. ಒಂದು ಭಾನುವಾರ ಅವನು ನಿಟ್ಟೂರಿಗೆ ಹೋಗಿದ್ದಾಗ ಡಬ್ಬೀಲಿದ್ದ ಹಳೇದು ಕೂರ್ಸಿ ಹೊಸದನ್ನ ಅದೇ ಪೊಟ್ಟಣದಲ್ಲಿಟ್ಟೆ, ಅಷ್ಟೇ. ಹಿಂಗಾಗ್ತದೆ ಅಂತ ಯಾರಿಗೆ ಗೊತ್ತಿತ್ತು?"

"ಶುಕ್ರವಾರ ಸಂಜೆ ಗೊತ್ತಾಯ್ತಲ್ಲ," ಎಂದರು ಚಿಕ್ಕಮ್ಮ. "ಶನಿವಾರ ಕೂತ್ಕೊಂಡು ಇನ್ನೊಬ್ಬರ ಮಗನ ಹೆಸರು ಬರೆದ್ರಿ. ಜೆಟ್ ಕೂರ್ಸಿದ್ದು ತಪ್ಪು. ಆ ದೂರು ಅಪರಾಧ."

ಪುಟ್ಟರಂಗಯ್ಯ ಎದ್ದು ಹೊರಗೆ ಹೋದರು. "ಆ ಶಾಬಾಜ್‌ನ ಬಿಟ್ಬುಡ್ರೀ," ಎಂದು ಫೋನಿನಲ್ಲಿ ಹೇಳಿದ್ದು ಕೇಳಿಸಿತು.

ಒಳಗೆ ಮಹಾಲಿಂಗಯ್ಯ ಆ ಹಿತ್ತಾಳೆಯ ಚೂರನ್ನು ಚಿಕ್ಕಮ್ಮನ ಕೈಯಿಂದ ತೆಗೆದುಕೊಂಡು ಹೆಬ್ಬೆರಳಿನಿಂದ ಉಜ್ಜುತ್ತಲೇ ಇದ್ದರು. ಪ್ರತಿ ಬೆಳಗ್ಗೆ ಹಣೆಗಿಡುವ ಮೊದಲು ಅವರ ಬೆರಳಿಗೆ ತಗುಲಿದ್ದು ಅದೇ.

ಕೊನೆಗೆ ಅಳಿಯನ ಮುಖ ನೋಡದೆ ಕೇಳಿದರು:

"ಎಷ್ಟು ಕೊಡ್ತು?"

ಸೋಮಶೇಖರನಿಗೆ ಅರ್ಥವಾಗಲಿಲ್ಲ.

"ಹಳೇದು ಹಾಕಿದ ಮೇಲೆ. ಮೈಲೇಜು. ಎಷ್ಟು ಕೊಡ್ತು?"

"...ಮೂವತ್ತೆರಡು, ಮಾವ."

"ನಾಲ್ಕು ಜಾಸ್ತಿ," ಎಂದರು ಮಹಾಲಿಂಗಯ್ಯ. ಡಬ್ಬಿಯ ಮುಚ್ಚಳ ಹಾಕಿ, ಗೂಡಿಗೆ ಇಡದೆ, ನೆಲದ ಮೇಲೆ ಇಟ್ಟುಬಿಟ್ಟರು.