ಬಲ ಮಡಿಕೆಯ ಕಿಮೋನೊ

ಏಣಿಯ ಮೇಲಿದ್ದವನು ತಿರುಗಿದ. ಮ್ಯೂಸಿಯಂನ ಬಾಗಿಲಲ್ಲೇ ಹರ್ಷಿಣಿ ನಿಂತುಬಿಟ್ಟಳು.

ಮಿಥುನ್!

ಎರಡು ವರ್ಷದ ಹಿಂದೆ, ಚೆನ್ನೈನದೇ ಇನ್ನೊಂದು ಮ್ಯೂಸಿಯಂನಲ್ಲಿ, ಅವನು ತೀರಾ ಹತ್ತಿರ ಇಟ್ಟ ದೀಪದ ಶಾಖಕ್ಕೆ ಹಳೆಯ ರೇಷ್ಮೆ ಸೀರೆಯೊಂದು ಕಂದಿತ್ತು. ಸೀರೆಯ ಹೊಣೆ ಹೊತ್ತಿದ್ದರಿಂದ ಕೆಲಸ ಹೋದದ್ದು ಇವಳದು. ಪ್ರೀತಿಸುತ್ತೇನೆ ಎಂದಿದ್ದವನು ತಲೆ ತಗ್ಗಿಸಿ ನಿಂತಿದ್ದ. ಒಂದು ಮಾತು... ಒಂದೇ ಒಂದು ಮಾತು ಆಡಲಿಲ್ಲ.

ಈಗ ಈ ಜಪಾನಿ ಉಡುಪುಗಳ ಪ್ರದರ್ಶನಕ್ಕೆ ಅವಳೇ ಮೇಲ್ವಿಚಾರಕಿ. ಅವನು ಬೊಂಬೆಗಳಿಗೆ ಬಟ್ಟೆ ಉಡಿಸುವವನು.

"ಸರಿ ಉಂಟಾ ಮೇಡಂ?" ಅವಳ ಕಣ್ಣು ತಪ್ಪಿಸಿ ಅವನು ಬೊಂಬೆಗೆ ಉಡಿಸಿದ್ದ ನೀಲಿ ಕಿಮೋನೊ ತೋರಿಸಿದ.

ಅವಳು ನೋಡಿದಳು. ಎದೆಯ ಬಳಿ ಬಲ ಅಂಚು ಎಡದ ಮೇಲೆ ಬಂದಿತ್ತು. ಜಪಾನಿನಲ್ಲಿ ಹಾಗೆ ಉಡಿಸುವುದು ಹೆಣಕ್ಕೆ ಮಾತ್ರ. ನಾಳೆ ಬರುವ ಜಪಾನಿ ಅತಿಥಿಗಳು ನೋಡಿದರೆ ಇವನ ಕೆಲಸ ಉಳಿಯುವುದಿಲ್ಲ.

'ಹೋಗಲಿ. ನನ್ನದು ಹೋಗಲಿಲ್ಲವೇ? ನಿನ್ನ ಮೌನಕ್ಕೆ ನನ್ನ ಮೌನ...'

"ಚೆನ್ನಾಗಿದೆ," ಎಂದಳು.

ಮರುದಿನ ಬೆಳಿಗ್ಗೆ ಜಪಾನಿ ಹೆಂಗಸೊಬ್ಬರು ಆ ಬೊಂಬೆಯ ಎದುರು ನಿಂತು ಮುಖ ಬಿಳುಚಿಕೊಂಡರು. ನಿರ್ದೇಶಕ ಶಂಕರನಾರಾಯಣರು ಹರ್ಷಿಣಿಯತ್ತ ತಿರುಗಿ, ನೀವು ಇದನ್ನು ನೋಡಲಿಲ್ಲವೇ ಎಂದು ಕೇಳಿದರು. ಇಲ್ಲ ಎಂಬ ಸುಳ್ಳು ಅವಳ ನಾಲಿಗೆಯ ತುದಿಯಲ್ಲೇ ಇತ್ತು.

ಮಿಥುನ್ ಮುಂದೆ ಬಂದ.

"ಉಡಿಸಿದ್ದು ನಾನು ಸರ್. ಹೆಂಗಸರ ರವಿಕೆಗೆ ಬಲ ಮೇಲೆ ಬರ್ತದಲ್ಲ, ಇದೂ ಹಾಗೇ ಅಂದ್ಕೊಂಡೆ. ಮೇಡಂ ನೋಡಿಲ್ಲ. ಅವರನ್ನು ಏನೂ ಅನ್ಬೇಡಿ."

ಹೊರಗೆ ನಡಿ ಎಂದರು ನಿರ್ದೇಶಕರು. ಅವನು ಬಾಗಿಲಿನತ್ತ ಹೊರಟ.

ಇದನ್ನೇ ಅಲ್ಲವೇ ಅವಳು ಬಯಸಿದ್ದು? ಮತ್ತೆ ಎದೆಯೇಕೆ ಹೀಗೆ ಸುಡುತ್ತಿದೆ?

"ನಾನು ನೋಡಿದ್ದೆ ಸರ್," ಎಂದಳು. "ಗೊತ್ತಿದ್ದೂ ಸುಮ್ಮನಿದ್ದೆ. ಕಳಿಸೋದಾದ್ರೆ ನನ್ನನ್ನೂ ಕಳಿಸಿ."

ನಿರ್ದೇಶಕರು ಇಬ್ಬರನ್ನೂ ದುರುದುರು ನೋಡಿದರು. ಆ ಜಪಾನಿ ಹೆಂಗಸೇ, ಪ್ರದರ್ಶನದ ಬಾಗಿಲು ತೆರೆಯಲು ಇನ್ನೂ ಅರ್ಧ ಗಂಟೆ ಇದೆ, ಯಾರನ್ನೂ ಕಳಿಸಬೇಡಿ, ಇವರೇ ಸರಿಮಾಡಲಿ ಎಂದರು.

ಅವಳು ಎಡ ಅಂಚನ್ನು ಮೇಲೆ ತಂದಳು. ಅವನು ಸೊಂಟಪಟ್ಟಿ ಹಿಡಿದ.

"ಅವತ್ತು ಯಾಕೆ ಬಾಯಿ ಬಿಡಲಿಲ್ಲ?" ಎಂದಳು.

"ಹೆದರಿದೆ. ಬೇರೆ ಎಂತದೂ ಇಲ್ಲ. ಆಮೇಲೆ ಹೋಗಿ ತಪ್ಪು ನಂದು ಅಂತ ಹೇಳಿದೆ. ನನ್ನನ್ನೂ ಕಳಿಸಿದ್ರು. ನಿನ್ನ ಮನೆಗೆ ಬಂದ್ರೆ ಬೀಗ."

ಅವಳ ಕಣ್ಣು ತುಂಬಿತು. ಆದರೂ ಪಟ್ಟಿಯನ್ನು ಕಿತ್ತುಕೊಂಡು ತಾನೇ ಬಿಗಿದಳು.

"ಕೋಪ ಹೋಗಿಲ್ಲ ನಂಗೆ. ಸಂಜೆ ಟ್ರಿಪ್ಲಿಕೇನ್‌ನಲ್ಲಿರೋ ನಿಮ್ಮಪ್ಪನ ಊಟದ ಮೆಸ್‌ಗೇ ಬಂದು ಬಯ್ತೀನಿ."

"ಬಾ. ಎರಡು ವರ್ಷದ ಬೈಗುಳ ಒಂದು ಸಂಜೆಗೆ ಮುಗೀತದಾ?"

"ಮುಗಿಯಲ್ಲ."

"ಹಾಗಾದ್ರೆ ದಿನಾ ಬಾ," ಎಂದ ಅವನು, ಮೆಲ್ಲಗೆ.