ಲಕ್ಕಯ್ಯ ಆರಿಸಿದ ಮಂಡಿ

ಎಂಬತ್ತಾರನೇ ಇಸವಿಯ ಮಾತು. ಬೆಂಗಳೂರಿನ ಆಸ್ಪತ್ರೆಯಿಂದ ಹಿಂದಿರುಗಿದ ಲಕ್ಕಯ್ಯ ಮನೆಗೆ ಹೋಗಲಿಲ್ಲ. ತಿಪಟೂರಿನಲ್ಲಿ ಬಸ್ಸು ಬದಲಿಸಿ ಅರಳಗುಪ್ಪೆಯಲ್ಲಿ ಇಳಿದವನೇ ಕೋಲೂರಿಕೊಂಡು ನೆಟ್ಟಗೆ ಯಜಮಾನರ ತೋಟಕ್ಕೆ ನಡೆದ. ಮೋಡ ಮುಚ್ಚಿದ ಮಧ್ಯಾಹ್ನ. ಓಬಮ್ಮ ಒಬ್ಬಳೇ ಕೂತು ಮಚ್ಚಿನಿಂದ ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದಳು.

ಹದಿನೈದು ವರ್ಷ ಅವನು ಮರದ ಮೇಲೆ, ಅವಳು ಬುಡದಲ್ಲಿ. ಅವನು ಕಾಯಿ ಕೆಡವುವುದು, ಅವಳು ಆಯುವುದು. ಗೊನೆ ಬಿಟ್ಟು ಅವನ ಕಣ್ಣು ಕೆಳಗೆ ಜಾರಿತೋ, ಸೆರಗನ್ನು ತಲೆಗೆಳೆದುಕೊಂಡು, 'ಕಾಯಿ ನೋಡಿ ಕೀಳಪ್ಪ, ನನ್ನೇನು ನೋಡ್ತೀಯ' ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚಿನ ಮಾತು ಇಬ್ಬರ ಬಾಯಿಗೂ ಬಂದಿರಲಿಲ್ಲ. ಹೋದ ವರ್ಷ ಅವನು ಮರದಿಂದ ಬಿದ್ದಮೇಲೆ ಅದೂ ನಿಂತುಹೋಗಿತ್ತು.

ಡಾಕ್ಟರು ಏನಂದರೆಂದು ಕೇಳಿದಳು. ಅವನು ಹೇಳಿದ. ಕೆಟ್ಟ ಮಂಡಿ ತೆಗೆದು ಲೋಹದ್ದು ಹಾಕುತ್ತಾರಂತೆ, ಖರ್ಚು ಯಜಮಾನರದು. ಮರ ಹತ್ತುವುದು ಮಾತ್ರ ಇನ್ನು ಈ ಜನ್ಮಕ್ಕಿಲ್ಲ. ಮೇಜಿನ ಮೇಲೆ ಎರಡು ತರದ ಮಂಡಿ ಇಟ್ಟಿದ್ದರಂತೆ. ಒಂದು ಬಾಗಿಲ ಕೀಲಿನಂಥದ್ದು. ಗಟ್ಟಿಯಾಗಿ ನಿಲ್ಲಬಹುದು, ಊರೂರು ನಡೆಯಬಹುದು, ಆದರೆ ಹೆಚ್ಚು ಮಡಚುವುದಿಲ್ಲ, ಏಳೆಂಟು ವರ್ಷಕ್ಕೆ ಸಡಿಲವಾಗಬಹುದು. ಇನ್ನೊಂದು ಹೊಸದು, ಚೆನ್ನಾಗಿ ಮಡಚುತ್ತದೆ, ಬಾಳಿಕೆಯೂ ಜಾಸ್ತಿ, ಆದರೆ ನರ ಹರಿದ ಅವನ ಕಾಲಿಗೆ ಅದು ಆಸರೆಯಾಗದು, ಕೋಲು ಹಿಡಿದು ಮನೆಯೊಳಗೇ ಇರಬೇಕು. ಸೋಮವಾರ ಯಾವುದೆಂದು ಹೇಳಬೇಕು.

"ಎರಡನೇದು ಅಂದ್ಕಂಡಿದ್ದೀನಿ," ಎಂದ.

ಓಬಮ್ಮನ ಮಚ್ಚು ನಿಂತಿತು. ಒಂದು ದಿನ ಸುಮ್ಮನೆ ಕೂರಲಾರದ ಗಂಡಸು ಮೂಲೆ ಹಿಡಿಸುವ ಮಂಡಿ ಆರಿಸುತ್ತಾನೆಂದರೆ ಇವನಿಗೆ ಬುದ್ಧಿ ನೆಟ್ಟಗಿದೆಯೇ! ಯಾಕೆಂದು ಗದರಿಸಿಯೇ ಕೇಳಿದಳು.

ಅವನು ನೆಲ ನೋಡಿದ. "ತಗ್ಗು ಮಣೆ ಮೇಲೆ ಹೆಂಗೋ ಕೂರಬೋದಂತೆ. ಹಸೆಮಣೆ ಮೇಲೆ. ನಿನ್ನ ಪಕ್ಕ."

ಓಬಮ್ಮ ನಗಲು ಹೋದಳು, ಆಗಲಿಲ್ಲ, ಕಣ್ಣು ತುಂಬಿಕೊಂಡವು.

"ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸ್ದಂಗಾಯ್ತಲ್ಲ. ನನ್ನೊಂದು ಮಾತು ಕೇಳಿದ್ಯಾ? ಗಂಡ ಸತ್ತೋಳಿಗೆ ಯಾರು ಹಸೆ ಹಾಕ್ತಾರೆ? ನಂಗಿರೋದು ಸೀರುಡಿಕೆ ಕಣಪ್ಪ. ಹೊತ್ತು ಮುಳುಗಿದ್ಮೇಲೆ ನಾಕು ಜನದ ಮುಂದೆ ನಿಂತ್ಕಂಡು ನೀನೊಂದು ಸೀರೆ ಕೊಡ್ತೀಯ, ನಾನು ಉಟ್ಕಂತೀನಿ. ವಾಲಗ ಇಲ್ಲ, ಏನಿಲ್ಲ."

ಲಕ್ಕಯ್ಯ ಪೆಚ್ಚಾದ. ಸೀರುಡಿಕೆ ಅವನು ಕಾಣದ್ದೇನಲ್ಲ. ಆದರೆ ತನ್ನ ಓಬಮ್ಮನಿಗೂ ಅದೇ ಎಂಬುದು ಒಂದು ದಿನವೂ ತಲೆಗೆ ಹೊಳೆದಿರಲಿಲ್ಲ. ಊರೆಲ್ಲ ನೋಡುವಂತೆ ಇವಳನ್ನು ಹಸೆಗೆ ಕೂರಿಸಬೇಕೆಂದು ಎಷ್ಟು ಆಸೆಪಟ್ಟಿದ್ದ! ಆ ಆಸೆ ಮಣ್ಣುಪಾಲಾಯಿತು.

ಕೊನೆಗೆ ಅವಳೇ ಸೆರಗಿನಿಂದ ಮುಖ ಒರೆಸಿಕೊಂಡು, ಕೀಲಿನದನ್ನೇ ಹಾಕಿಸಿಕೋ, ನನ್ನ ಜೊತೆ ನಡೆಯುವಂತಾದರೆ ಸಾಕು ಎಂದಳು.

"ಅದು ಏಳೆಂಟು ವರ್ಷ ಅಷ್ಟೇ ಓಬಮ್ಮ."

"ಸಾಕು ಬುಡು. ಹಸೆ ಏರಿ ನಾನು ಬಾಳಿದ್ದು ನಾಕೇ ವರ್ಷ."

ಸೋಮವಾರ ಬೆಳಗ್ಗೆ ಬೆಂಗಳೂರಿನ ಬಸ್ಸಿಗೆ ಇಬ್ಬರೂ ಹತ್ತಿದರು. ಊರವರು ನೋಡಿದರು. ನೋಡಲಿ ಬಿಡಿ.